ಒಂದಾಳಿನ ಮುಯ್ಯಿ

ಆಗಸ್ಟ್ ತಿಂಗಳ ಮೊದಲ ಶನಿವಾರ ನಡೆಯಬೇಕಾದ ಕೆಲಸಗಳನ್ನು ಮಹದೇವಪ್ರಸಾದ ಹಿಂದಿನ ಸಂಜೆಯೇ ಮನಸ್ಸಿನಲ್ಲಿ ಕ್ರಮವಾಗಿ ಜೋಡಿಸಿಟ್ಟುಕೊಂಡಿದ್ದ. ಬೆಳಿಗ್ಗೆ ಆರಕ್ಕೆ ಸಗಣಿ ಕದಡಿ ನೆಲ ಸಾರಿಸುವುದು; ನೆಲ ಆರುವಷ್ಟರಲ್ಲಿ ಬಾವಿಯಿಂದ ನೀರು ಸೇದಿ ಮಡಕೆಗಳನ್ನು ತುಂಬುವುದು; ಆಮೇಲೆ ಹಿತ್ತಲಿನ ಸೊಪ್ಪು ಕೊಯ್ಯುವುದು; ಮಧ್ಯಾಹ್ನ ಮಣ್ಣಿನ ಒಲೆಯ ಮೇಲೆ ಮುದ್ದೆ, ಸೊಪ್ಪಿನ ಸಾರು; ಮೂರಕ್ಕೆ ಸ್ನಾನ, ಕೈಮಗ್ಗದ ಅಂಗಿ; ನಾಲ್ಕೂವರೆಗೆ ರಾವಂದೂರಿನ ಕಡೆಯಿಂದ ಬರುವ ಬಸ್ಸಿನಿಂದ ಹೆಂಡತಿ ನೀಲಾಂಬಿಕೆಯನ್ನು ಇಳಿಸಿಕೊಂಡು ಬರುವುದು. ಈ ಕ್ರಮದಲ್ಲಿ ಯಾವ ದೋಷವೂ ಇರಲಿಲ್ಲ. ಆರು ಹೊಡೆಯುವ ಮೊದಲೇ ಪಕ್ಕದ ಹೊಲದ ಸಿದ್ದರಾಜು ಬಂದು ಬಾಗಿಲು ಬಡಿಯುತ್ತಾನೆಂಬುದೊಂದು ಮಾತ್ರ ಅದರಲ್ಲಿ ಸೇರಿರಲಿಲ್ಲ.

ಮಹದೇವಪ್ರಸಾದ ರಸಾಯನಶಾಸ್ತ್ರದ ಪದವೀಧರ. ಮೈಸೂರಿನ ಹೊರವಲಯದ ಒಂದು ಬಿಸ್ಕತ್ತು ಕಾರ್ಖಾನೆಯ ಗುಣಪರೀಕ್ಷಾ ವಿಭಾಗದಲ್ಲಿ ಬಿಸ್ಕತ್ತುಗಳ ದಪ್ಪ, ತೇವ, ಬಣ್ಣಗಳನ್ನು ಅಳೆದೂ ಅಳೆದೂ ಅವನು ತನ್ನ ಯೌವನದ ಬಹುಭಾಗವನ್ನು ಕಳೆದಿದ್ದ. ಒಂದು ಮಧ್ಯಾಹ್ನ, ತಾನು ತಿನ್ನದ ವಸ್ತುವನ್ನು, ತನಗೆ ಪರಿಚಯವಿಲ್ಲದವರಿಗಾಗಿ, ತನಗೆ ಇಷ್ಟವಿಲ್ಲದವರ ಅಪ್ಪಣೆಯಂತೆ ಅಳೆಯುತ್ತಿದ್ದೇನೆ ಎಂಬ ಅರಿವು ಅವನಿಗೆ ಇದ್ದಕ್ಕಿದ್ದಂತೆ ಮೂಡಿತು. ಅರಿವು ಮೂಡಿದವರು ಸಾಮಾನ್ಯವಾಗಿ ಮಾಡುವುದನ್ನೇ ಅವನೂ ಮಾಡಿದ: ಕೆಲಸ ಬಿಟ್ಟು ಜಮೀನು ಕೊಂಡ. ಪಿರಿಯಾಪಟ್ಟಣ ತಾಲ್ಲೂಕು ರಾವಂದೂರು ಹೋಬಳಿಯ ಚಿಕ್ಕಮಲ್ಲನಕೊಪ್ಪಲಿನಲ್ಲಿ ಒಂದೂವರೆ ಎಕರೆ ಹೊಲ, ಅದರ ಅಂಚಿನಲ್ಲಿ ಮಣ್ಣುಗೋಡೆಯ ಹಳೆಯ ಹೆಂಚಿನ ಮನೆ. ಜೂನ್ ಮೊದಲಲ್ಲಿ ಒಬ್ಬನೇ ಬಂದು ನೆಲಸಿದ. ವಿದ್ಯುತ್ ಬೇಡವೆಂದ. ಪ್ಲಾಸ್ಟಿಕ್ಕಿನ ಬಕೆಟ್ಟನ್ನು ಕೂಡ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

ನೀಲಾಂಬಿಕೆಗೆ ಇಂಥ ಅರಿವೇನೂ ಮೂಡಿರಲಿಲ್ಲ. ಮೈಸೂರಿನ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಅವಳು ರವಿಕೆ ಹೊಲಿಯುತ್ತಿದ್ದಳು. ತಿರುಗಿಸಿದಾಗ ನೀರು ಬರುವ ನಲ್ಲಿ, ಒತ್ತಿದಾಗ ತಿರುಗುವ ಫ್ಯಾನು, ಇವೆರಡನ್ನು ಮೀರಿದ ಅಧ್ಯಾತ್ಮ ಅವಳಿಗೆ ಬೇಕಿರಲಿಲ್ಲ. ಗಂಡನ ಹಟ ಬಲವಾದಾಗ ಅವಳು ಒಂದು ಷರತ್ತು ಹಾಕಿದಳು.

"ಎರಡು ತಿಂಗಳು ನೀವು ಇದ್ದು ನೋಡಿ. ಆಮೇಲೆ ನಾನು ಬಂದು ಒಂದು ದಿನ ನೋಡ್ತೀನಿ. ನನಗೆ ಸರಿ ಅನ್ನಿಸಿದರೆ ಇಬ್ಬರೂ ಅಲ್ಲಿ. ಇಲ್ಲ ಅಂದರೆ ಸೋಮವಾರ ನೀವು ವಾಪಸ್ ಕಾರ್ಖಾನೆಗೆ. ಮ್ಯಾನೇಜರ್ ಹತ್ತಿರ ನಾನೇ ಮಾತಾಡಿದ್ದೀನಿ, ನಿಮ್ಮ ಜಾಗಕ್ಕೆ ಇನ್ನೂ ಯಾರನ್ನೂ ತಗೊಂಡಿಲ್ಲವಂತೆ."

ಆ ಒಂದು ದಿನವೇ ಈ ಶನಿವಾರ. ಮತ್ತೆ ಬಿಸ್ಕತ್ತು ಅಳೆಯುವುದೋ, ಮಣ್ಣಿನ ವಾಸನೆಯಲ್ಲಿ ಬದುಕುವುದೋ ಎಂಬುದು ಸಂಜೆಯೊಳಗೆ ಇತ್ಯರ್ಥವಾಗಬೇಕಿತ್ತು.

ಈ ಎರಡು ತಿಂಗಳಲ್ಲಿ ಅವನನ್ನು ಬೆರಗುಗೊಳಿಸಿದ್ದು ಊರಿನ ಔದಾರ್ಯ. ಬಂದ ವಾರದಲ್ಲೇ ಸಿದ್ದರಾಜು ಮಾಡು ಹತ್ತಿ ಒಡೆದ ಹೆಂಚುಗಳನ್ನು ಬದಲಿಸಿದ್ದ. ಹತ್ತಿರದ ಮನೆಯ ಯಶೋದಮ್ಮ ನಾಲ್ಕು ಹೆಂಗಸರನ್ನು ಕರೆತಂದು ಹೊಲ ಹಸನು ಮಾಡಿಸಿದ್ದಳು. ಕಂಠಪ್ಪ ಬಾವಿಯ ಹೂಳೆತ್ತಿಸಿದ್ದ. ಬಿತ್ತನೆಯ ದಿನ ಅರ್ಧ ಊರೇ ಬಂದಿತ್ತು. ಯಾರೂ ಒಂದು ರೂಪಾಯಿ ಕೇಳಲಿಲ್ಲ; ಕೊಡಹೋದರೆ ಕೈ ಹಿಂದಕ್ಕೆಳೆದುಕೊಂಡರು. ಮಹದೇವಪ್ರಸಾದ ಕಣ್ಣಲ್ಲಿ ನೀರು ತುಂಬಿಕೊಂಡು, ಹೊಲದ ಬದುವಿನ ಮೇಲೆ ನಿಂತು, ತನ್ನ ಮೊಬೈಲಿನಲ್ಲಿ ಒಂದು ವಿಡಿಯೋ ಮಾಡಿ ಲೋಕಕ್ಕೆ ಹಂಚಿದ್ದ: "ಇಲ್ಲಿ ದುಡ್ಡಿಗೆ ಬೆಲೆಯಿಲ್ಲ. ಮನುಷ್ಯ ಮನುಷ್ಯನಿಗಾಗಿ ದುಡಿಯುತ್ತಾನೆ. ಪ್ರತಿಯಾಗಿ ಏನನ್ನೂ ಕೇಳುವುದಿಲ್ಲ." ಆ ವಿಡಿಯೋವನ್ನು ಹೆಚ್ಚಾಗಿ ನೋಡಿದವರು ಚಿಕ್ಕಮಲ್ಲನಕೊಪ್ಪಲಿನವರೇ. ಕೊನೆಯ ವಾಕ್ಯ ಬಂದಾಗ ಅವರು ಏಕೆ ಒಬ್ಬರ ಮುಖ ಒಬ್ಬರು ನೋಡಿಕೊಂಡರೆಂದು ಅವನಿಗೆ ತಿಳಿದಿರಲಿಲ್ಲ.

ಬಾಗಿಲು ತೆರೆದಾಗ ಸಿದ್ದರಾಜು ತಲೆಗೆ ಹಳೆಯ ಟವೆಲು ಸುತ್ತಿಕೊಂಡು ಅವಸರದಲ್ಲಿದ್ದ.

"ಏನ್ ಸಾರ್, ಇನ್ನೂ ಒಂಟಿಲ್ವಾ?"

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ? ಇವತ್ತು ನಮ್ದು ಬ್ಯಾರನ್ ತುಂಬೋದಲ್ವಾ. ಒಗೆಸೊಪ್ಪು ಮುರೀಬೇಕು, ಕಡ್ಡಿಗೆ ಕಟ್ಬೇಕು, ಬೈಗಾಗೋದ್ರೊಳಗೆ ಒಳಕ್ಕೆ ಏರಿಸ್ಬೇಕು. ಎಲ್ರೂ ಬಂದವ್ರೆ. ನಿಮ್ಮೊಬ್ರುದೇ ಬಾಕಿ."

ಸಿದ್ದರಾಜುವಿನ ಹೊಲದ ಮೂಲೆಯಲ್ಲಿ ಗೋಪುರದಂತೆ ಎತ್ತರವಾಗಿ ನಿಂತಿದ್ದ ಕಿಟಕಿಯಿಲ್ಲದ ಕಟ್ಟಡವೇ ಬ್ಯಾರನ್. ಹಸಿ ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಅದರೊಳಗೆ ಸಾಲುಸಾಲಾಗಿ ತೂಗುಹಾಕಿ, ಕೆಳಗೆ ಬೆಂಕಿಯಿಟ್ಟು ಹದಮಾಡುತ್ತಾರೆ. ಅದನ್ನು ಅರ್ಧ ತುಂಬಿ ಬಿಡುವಂತಿಲ್ಲ. ಒಂದೇ ದಿನದಲ್ಲಿ ತುಂಬಬೇಕು. ಆದ್ದರಿಂದ ಕೈಗಳು ಬೇಕು. ತನ್ನ ಕೈಯೂ ಆ ಲೆಕ್ಕದಲ್ಲಿದೆ ಎಂಬುದು ಮಾತ್ರ ಮಹದೇವಪ್ರಸಾದನಿಗೆ ಹೊಸದು.

"ಆದರೆ ನಾನ್ಯಾಕೆ?"

"ಮುಯ್ಯಿ ಸಾರ್. ನಿಮ್ಮನೆ ಎಂಚು ಕೈಯಾಡ್ಸೋವಾಗ ನಾನು ಬಂದಿದ್ನಲ್ಲ? ಒಂದಾಳಿಗೆ ಒಂದಾಳು. ಈಗ ನಮ್ಮನೆ ಕೆಲ್ಸಕ್ಕೆ ನೀವು ಬರ್ಬೇಕು."

"ಅವತ್ತು ನೀವು ಪ್ರೀತಿಯಿಂದ ಬಂದಿರಿ ಅಂದುಕೊಂಡಿದ್ದೆ."

"ಪಿರೂತಿ ಇಲ್ದೆ ಯಾರಾನಾ ಮಾಡಿನ್ ಮ್ಯಾಲೆ ಅತ್ತಾರಾ ಸಾರ್? ಪಿರೂತಿಯಿಂದ್ಲೇ ಬಂದಿದ್ದು. ಅದೇ ಪಿರೂತೀನ ಈಗ ವಾಪಸ್ ಕೇಳ್ತಾ ಇವ್ನಿ."

ಮಹದೇವಪ್ರಸಾದ ಹೆಂಡತಿ ಬರುವ ವಿಷಯ ಹೇಳಿದ. ನಾಳೆ ಬರಬಹುದೇ ಎಂದ.

"ಸೊಪ್ಪು ಮಾಗ್‌ಬುಟ್ಟದೆ. ನಿಮ್ಮನೇರು ಬರೋದು ಅದಕ್ಕೆ ಗೊತ್ತಾ?"

"ಹಾಗಾದರೆ ಒಂದಾಳಿನ ಕೂಲಿ ನಾನು ಕೊಟ್ಟುಬಿಡ್ತೀನಿ ಸಿದ್ದರಾಜು. ನನ್ನ ಬದಲು ಇನ್ನೊಬ್ಬರನ್ನ ಕರೆದುಕೊಳ್ಳಿ."

ಸಿದ್ದರಾಜುವಿನ ಮುಖ ಸಂತೆ ಮುಗಿದ ಮೇಲಿನ ಅಂಗಡಿಯಂತೆ ಮುಚ್ಚಿಕೊಂಡಿತು.

"ನಾನು ನಿಮ್ಮನೇಲಿ ಕೂಲಿ ಮಾಡಿದ್ನಾ ಸಾರ್? ಕಾಸು ಇಸ್ಕೊಂಡ್ರೆ ನಾಳೆ ಊರ್ನಾಗೆ ನಾನು ತಲೆ ಎತ್ಕಂಡು ಓಡಾಡ್ದಂಗೇ. ಇಲ್ಲಿ ದುಡ್ಡಿಗೆ ಬೆಲೆ ಇಲ್ಲ ಅಂತ ಮೊಬೈಲ್ನಾಗೆ ಏಳಿದ್ದೂ ನೀವೇಯಾ."

ಮಹದೇವಪ್ರಸಾದ ಮನೆಯೊಳಕ್ಕೆ ಕೈ ತೋರಿಸಿದ. ನೆಲ ಸಾರಿಸಿಲ್ಲ, ನೀರಿಲ್ಲ, ಅಡುಗೆಯಿಲ್ಲ ಎಂದು ಗೊಣಗಿದ.

"ಅದುಕ್ಯಾಕೆ ಯೋಚ್ನೆ? ಬೀಗದ್ಕೈ ಕಂಠಪ್ಪಂಗೆ ಕೊಡಿ. ಅವಂಗೆ ಕಣ್ಣಿಗೆ ಪೊರೆ ಬಂದು ಮಾಗಿದ್ ಎಲೆ ಯಾವ್ದು, ಅಸಿ ಎಲೆ ಯಾವ್ದು ಗೊತ್ತಾಗಾಕಿಲ್ಲ. ಸುಮ್ನೆ ಕುಂತವ್ನೆ. ಮನೆ ಅಣಿ ಮಾಡ್ತಾನೆ ಬುಡಿ."

ಹೀಗೆ, ಬೆಳಗಿನ ಮೊದಲ ಬಿಸಿಲು ಬೀಳುವ ಹೊತ್ತಿಗೆ, ತಂಬಾಕನ್ನು ಮಾನವಕುಲದ ಶತ್ರುವೆಂದು ಬಲವಾಗಿ ನಂಬಿದ್ದ ಮಹದೇವಪ್ರಸಾದ ಸೊಂಟದೆತ್ತರದ ಹೊಗೆಸೊಪ್ಪಿನ ಸಾಲಿನಲ್ಲಿ ಬಗ್ಗಿ ನಿಂತಿದ್ದ.

ಗಿಡದ ಕೆಳಗಿನ ಎರಡು ಮೂರು ಎಲೆಗಳು ತಿಳಿಹಳದಿಗೆ ತಿರುಗಿರುತ್ತವೆ. ಅವನ್ನು ಮುರಿದು ಕಂಕುಳಿಗೆ ಸೇರಿಸುತ್ತ ಮುಂದೆ ಸಾಗಬೇಕು. ಎಡಬಲದವರು ಕೋಳಿ ಕಾಳು ಹೆಕ್ಕಿದಂತೆ ಸರಸರನೆ ಮುಂದೆ ಹೋದರು. ಮಹದೇವಪ್ರಸಾದನಿಗೆ ಹಾಗೆ ಮಾಡಲು ಮನಸ್ಸೊಪ್ಪಲಿಲ್ಲ. ಮಾಡುವ ಕೆಲಸ ಇಷ್ಟವಿರಲಿ ಬಿಡಲಿ, ಅದರಲ್ಲಿ ಗುಣಮಟ್ಟವಿರಬೇಕು. ಹೆಣ್ಣು ನೋಡಲು ಬಂದ ಗಂಡಿನ ಅಕ್ಕನಂತೆ ಅವನು ಪ್ರತಿ ಎಲೆಯನ್ನೂ ಹಿಂದೆ ಮುಂದೆ ತಿರುಗಿಸಿ ನೋಡಿದ. ಅಂಚು ಹರಿದದ್ದು, ಚುಕ್ಕೆ ಬಿದ್ದದ್ದು, ಹುಳು ತೂತು ಮಾಡಿದ್ದು, ಇವನ್ನೆಲ್ಲ ಬೇರ್ಪಡಿಸಿ ಸಾಲಿನ ನಡುವೆಯೇ ಎಸೆದ. ಅವನು ಅರ್ಧ ಸಾಲು ಮುಗಿಸುವಾಗ ಉಳಿದವರು ಮೂರನೆಯ ಸಾಲಿನಲ್ಲಿ ಹಿಂದಿರುಗಿ ಬರುತ್ತಿದ್ದರು.

"ಏನ್ ಸಾರ್, ಎಲೇದು ಜಾತ್ಕ ನೋಡ್ತಾ ಇದ್ದೀರಾ?" ಎಂದು ಯಶೋದಮ್ಮ ಚಪ್ಪರದ ಕೆಳಗಿನಿಂದ ಕೂಗಿ ಕೇಳಿದಳು. ಐವತ್ತರ ಆಸುಪಾಸಿನ ಯಶೋದಮ್ಮನ ದನಿ ಎರಡು ಹೊಲಗಳಾಚೆಗೂ ವಿಳಾಸ ತಪ್ಪದೆ ಮುಟ್ಟುತ್ತಿತ್ತು. ಸೊಪ್ಪು ಕಟ್ಟುವ ಹೆಂಗಸರ ಗುಂಪಿಗೆ ಅವಳೇ ದಳವಾಯಿ.

ಅಷ್ಟರಲ್ಲಿ ಸಿದ್ದರಾಜು ಅವನ ಸಾಲಿನಲ್ಲಿ ಹಾದು ಬಂದು ಗಕ್ಕನೆ ನಿಂತ.

"ಇದ್ಯಾವನ್ಲಾ, ಮುರ್ದಿರೋ ಸೊಪ್ಪ ಕೆಳೀಕ್ ಎಸ್ದಿರೋನು?"

"ನಾನೇ," ಎಂದ ಮಹದೇವಪ್ರಸಾದ. "ಅವುಗಳಲ್ಲಿ ಚುಕ್ಕೆಗಳಿದ್ದವು."

"ಚುಕ್ಕೆ ಇದ್ರೆ? ನಮ್ಮೆಡ್ತಿ ಮೊಕದ್ ಮ್ಯಾಲೂ ಚುಕ್ಕೆ ಅದೆ. ಮನೆಯಿಂದ ಆಚೀಕ್ ಆಕಿದ್ದೀನಾ?"

ಆ ಹೆಂಡತಿ ಚಪ್ಪರದ ಕೆಳಗೇ ಇದ್ದಳು. ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟು ಗಂಡನ ಕಡೆ ನೋಡಿದಳು. ಸಿದ್ದರಾಜು ಮಧ್ಯಾಹ್ನದವರೆಗೆ ಆ ಕಡೆ ಸುಳಿಯಲಿಲ್ಲ. ಎಸೆದ ಎಲೆಗಳನ್ನು ಆಯಲು ಇಬ್ಬರನ್ನು ಬಿಟ್ಟು, ಮಹದೇವಪ್ರಸಾದನನ್ನು ಕಟ್ಟುವ ಕೆಲಸಕ್ಕೆ ವರ್ಗಾಯಿಸಲಾಯಿತು.

ಕಟ್ಟುವುದು ಇನ್ನೂ ಸುಲಭವೆಂದು ಎಲ್ಲರೂ ಹೇಳಿದರು. ಎರಡೆರಡು ಎಲೆ ಜೋಡಿಸಿ, ಕಡ್ಡಿಯ ಆ ಬದಿಗೊಮ್ಮೆ ಈ ಬದಿಗೊಮ್ಮೆ, ಒಂದೇ ದಾರದಲ್ಲಿ ಸುತ್ತುತ್ತ ಹೋದರಾಯಿತು. ಯಶೋದಮ್ಮ ಅವನ ಕಡೆ ನೋಡುತ್ತ, ಸೊಸೆಯ ಬಗ್ಗೆ ಮಾತಾಡುತ್ತ, ಎಲೆಅಡಿಕೆ ಜಗಿಯುತ್ತ, ಕೈಗಳನ್ನು ತಮ್ಮ ಪಾಡಿಗೆ ಬಿಟ್ಟು ಕಡ್ಡಿಯ ಮೇಲೆ ಕಡ್ಡಿ ಮುಗಿಸಿದಳು. ಮಹದೇವಪ್ರಸಾದ ಎಲೆಗಳನ್ನು ಮೊದಲು ಉದ್ದದ ಪ್ರಕಾರ ವಿಂಗಡಿಸಿದ. ಒಂದು ಜೋಡಿಗೂ ಇನ್ನೊಂದು ಜೋಡಿಗೂ ನಡುವೆ ಎರಡು ಬೆರಳಿನ ಅಂತರ ಅಳೆದ. ಪ್ರತಿ ಜೋಡಿಗೂ ಪ್ರತ್ಯೇಕವಾಗಿ ಗಂಟು ಹಾಕಿದ.

"ಚೆಂದಾಗದೆ ಕಣ್ ಸಾರ್," ಎಂದಳು ಯಶೋದಮ್ಮ, ಅವನ ಮೊದಲ ಕಡ್ಡಿಯನ್ನು ಎತ್ತಿ ಹಿಡಿದು. "ಮದ್ವೆ ಮನೆ ಬಾಕ್ಲಿಗೆ ಕಟ್ಬೋದು. ಬ್ಯಾರನ್‌ಗೆ ಇಂಥವು ನೂರಾರು ಬೇಕು. ದೀವಳಿಗೆ ಒತ್ಗೆ ಆಯ್ತದಾ?"

ಹೆಂಗಸರು ನಕ್ಕರು. ಮಹದೇವಪ್ರಸಾದನೂ ನಗಲು ಹೋದ; ಆಗ ಚಪ್ಪರವು ನಿಧಾನವಾಗಿ ಬಲಕ್ಕೆ ತಿರುಗಿತು. ಅವನು ಎಡಕ್ಕೆ ವಾಲಿ ಅದನ್ನು ಸರಿದೂಗಿಸಲು ನೋಡಿದ. ಯಶೋದಮ್ಮ ಇಬ್ಬರಾದಳು. ದನಿಯೂ ಎರಡಾಯಿತು, ಅದು ಹೆಚ್ಚು ಭಯಂಕರವಾಗಿತ್ತು.

ಇದರ ಕಾರಣ ಸರಳವಾದದ್ದು. ಬೆಳಗಿನ ಇಬ್ಬನಿಯಲ್ಲಿ ನೆನೆದ ಹಸಿ ಹೊಗೆಸೊಪ್ಪನ್ನು ಕಂಕುಳಲ್ಲಿ ಹೊತ್ತವನ ಚರ್ಮದೊಳಕ್ಕೆ ಅದರ ಸತ್ತ್ವ ಇಳಿಯುತ್ತದೆ. ಜೀವಮಾನದಲ್ಲಿ ಒಂದು ಬೀಡಿಯನ್ನೂ ಮುಟ್ಟದ ಮಹದೇವಪ್ರಸಾದ ಆ ಒಂದೇ ಬೆಳಿಗ್ಗೆಯಲ್ಲಿ ಹಲವು ಸಿಗರೇಟು ಸೇದಿದವನ ಸ್ಥಿತಿಗೆ ತಲುಪಿದ್ದ. ಈ ರಾಸಾಯನಿಕ ಕ್ರಿಯೆಯನ್ನು ಅವನು ಚೆನ್ನಾಗಿಯೇ ಬಲ್ಲವನಾಗಿದ್ದರೂ ಅದನ್ನು ವಿವರಿಸಲು ಬಾಯಿ ತೆರೆದಾಗ ಮಾತಿನ ಬದಲು ಬೇರೆಯದು ಬಂತು.

"ಸೊಪ್ಪು ಏರ್ಬುಡ್ತು," ಎಂದಳು ಯಶೋದಮ್ಮ, ಮಳೆ ಬಂತು ಎನ್ನುವ ಹಾಗೆ. "ಒಸಬ್ರಿಗೆ ಅಂಗೇ. ನೆಳ್ಳಿಗೆ ಮಲಗ್ಸಿ, ನಿಂಬೆಹಣ್ಣಿನ ನೀರು ಕೊಡಿ."

ಹೊಂಗೆಮರದ ಕೆಳಗೆ ಮಲಗಿದ ಮಹದೇವಪ್ರಸಾದನಿಗೆ ಕಣ್ಣು ತೆರೆಯುವುದು ಕಷ್ಟವಾಗಿತ್ತು. ಕಿವಿಗಳು ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿದ್ದವು. ಊಟದ ಹೊತ್ತು. ಎಲ್ಲರೂ ಅದೇ ಮರದ ಸುತ್ತ ಕುಳಿತರು. ಊರಿನ ಹಿರಿಯ ಗುರುಮಲ್ಲಪ್ಪನೂ ಬಂದಿದ್ದ. ಯಾರಿಗೆ ಯಾರ ಮುಯ್ಯಿ ಎಷ್ಟು ಬಾಕಿಯೆಂದು ಅಲ್ಲಿ ಯಾರೂ ಬರೆದಿಡುತ್ತಿರಲಿಲ್ಲ. ಎಲ್ಲರಿಗೂ ಎಲ್ಲರದೂ ನೆನಪಿರುತ್ತಿತ್ತು. ತಕರಾರು ಬಂದರೆ ಗುರುಮಲ್ಲಪ್ಪ ಹೇಳಿದ್ದೇ ತೀರ್ಪು.

"ಸಾರ್‌ದು ಇವತ್ತಿಂದು ಅರ್ಧಾಳು ಅಂತ ಮಡಿಕಳಾನ," ಎಂದ ಗುರುಮಲ್ಲಪ್ಪ.

"ಅರ್ಧಾಳಾ?" ಎಂದ ಸಿದ್ದರಾಜು. "ಅವ್ರು ಎಸ್ದಿದ್ ಸೊಪ್ಪ ಆಯಾಕೆ ಇಬ್ರು ನಿಂತವ್ರೆ. ಕಟ್ಟಿದ್ ಗಂಟ್ ಬಿಚ್ಚಾಕೆ ಒಬ್ಳು ಕುಂತವ್ಳೆ. ಅದ ಯಾರ್ ತಲೆಗೆ ಕಟ್ಟೀರಿ?"

ಗುರುಮಲ್ಲಪ್ಪ ಗಡ್ಡ ಕೆರೆದುಕೊಂಡ. ಎಲ್ಲವನ್ನೂ ಕೂಡಿ ಕಳೆದಾಗ ಮಹದೇವಪ್ರಸಾದನ ಬಾಕಿ ಬೆಳಿಗ್ಗೆ ಇದ್ದುದಕ್ಕಿಂತ ಹೆಚ್ಚಾಗಿತ್ತು. ಕೆಲಸ ಮಾಡಿ ಋಣ ತೀರಿಸಿದವರನ್ನು ಊರು ಕಂಡಿತ್ತು, ಮಾಡದೆ ಉಳಿಸಿಕೊಂಡವರನ್ನೂ ಕಂಡಿತ್ತು. ಮಾಡಿ ಬೆಳೆಸಿಕೊಂಡವನನ್ನು ಕಂಡದ್ದು ಅದೇ ಮೊದಲು.

"ಓಗ್ಲಿ, ನಾಳೀಕೆ ನಿಮ್ಮ ಶುಂಠಿ ಕಳೆ ಕೀಳ್ತೀರಲ್ಲ ಯಶೋದಕ್ಕ, ಅಲ್ಲಿಗೆ ಕರ್ಕಳಿ."

"ಬ್ಯಾಡ ಕಣಪ್ಪೋ. ಶುಂಠಿ ಕಿತ್ತು ಕಳೆ ಮಡುಗ್‌ಬುಟ್ರೆ? ದೇವ್ರಂಥ ಮನ್ಸ, ಇಲ್ಲ ಅನ್ನಾಕಿಲ್ಲ. ನಮ್ಮ ಒಲಕ್ ಮಾತ್ರ ಬ್ಯಾಡ."

"ನಮ್ಮ ಜ್ವಾಳುಕ್ಕೂ ಬ್ಯಾಡ," ಎಂದಿತು ಇನ್ನೊಂದು ದನಿ.

ಹೀಗೆ ಅವನನ್ನು ಒಬ್ಬೊಬ್ಬರೇ ವಿನಯದಿಂದ ನಿರಾಕರಿಸುತ್ತ ಬಂದರು. ಮಹದೇವಪ್ರಸಾದನಿಗೆ ಎಲ್ಲವೂ ಕೇಳುತ್ತಿತ್ತು. ಕಾರ್ಖಾನೆಯಲ್ಲಿ ದೋಷವಿರುವ ಬಿಸ್ಕತ್ತನ್ನು ಅವನು ಪಕ್ಕಕ್ಕೆ ಸರಿಸುತ್ತಿದ್ದಾಗ ಆ ಬಿಸ್ಕತ್ತಿಗೆ ಏನನ್ನಿಸುತ್ತಿತ್ತೆಂಬುದರ ಬಗ್ಗೆ ಮೊದಲ ಬಾರಿಗೆ ಯೋಚಿಸಿದ.

"ನನ್ನನ್ನ ಬಿಟ್ಟುಬಿಡಿ," ಎಂದ ಕ್ಷೀಣ ದನಿಯಲ್ಲಿ. "ಮುಯ್ಯಿ ವಜಾ ಮಾಡಿಬಿಡಿ."

ಎಲ್ಲರೂ ಗಾಬರಿಯಿಂದ ಅವನ ಕಡೆ ತಿರುಗಿದರು.

"ಅಂಗೆಲ್ಲ ಅನ್ಬಾರ್ದು ಸಾರ್," ಎಂದ ಗುರುಮಲ್ಲಪ್ಪ, ಮಗುವಿಗೆ ಹೇಳುವಂತೆ. "ಮುಯ್ಯಿ ತೀರ್ಸದ ಮನೆಗೆ ನಾಳೆ ರಾಗಿ ಕುಯ್ಯಾಕೆ ಯಾರು ಬತ್ತಾರೆ? ಕಣ ಮಾಡಾಕೆ ಯಾರು ಬತ್ತಾರೆ? ಕೊನೀಗೆ ಎತ್ತಾಕೂ ನಾಲ್ಕಾಳು ಬೇಕಲ್ವಾ? ಇರಿ, ಏನಾರಾ ದಾರಿ ಉಡುಕಾನ."

ಅದೇ ಹೊತ್ತಿಗೆ ಕಂಠಪ್ಪ ಬೀಗದ ಕೈ ಬೀಸುತ್ತ ಬಂದ. ಮುಖದಲ್ಲಿ ಸಾಧಕನ ಕಳೆ.

"ಮನೆ ಅಣಿಯಾಯ್ತು ಸಾರ್. ಪಾಪ, ನಿಮ್ಮನೇಲಿ ಏನೂ ಇರ್ಲಿಲ್ಲ. ಪ್ಯಾಟೆ ಎಣ್ಮಗಳು ಬಂದ್ರೆ ಎಲ್ಲಿ ಕುಂತ್ಕತಾರೆ? ನಮ್ಮನೆ ಪ್ಲಾಸ್ಟಿಕ್ ಕುರ್ಚಿ ನಾಕು ತಂದ್ ಮಡಗಿವ್ನಿ. ಸಿದ್ರಾಜನ ಮನೆ ಗ್ಯಾಸ್ ಒಲೆ, ಮಿಕ್ಸಿ. ಯಶೋದಕ್ಕನ ಮನೆ ಫ್ಯಾನು."

ಮಹದೇವಪ್ರಸಾದ ಎದ್ದು ಕುಳಿತ. "ಫ್ಯಾನಾ? ನಮ್ಮ ಮನೆಗೆ ಕರೆಂಟೇ ಇಲ್ಲ."

"ಯಶೋದಕ್ಕನ ಮನೆಯಿಂದ್ಲೇ ವೈರ್ ಎಳ್ಸಿವ್ನಿ. ಬಲ್ಬೂ ಆಕ್ಸಿವ್ನಿ."

"ನೆಲ ಸಾರಿಸಿದಿರಾ?"

"ಸಗಣೀನಾ? ಅವ್ರು ಬರೋ ಒತ್ನಾಗೆ ಸಗಣಿ ಮಾಡ್ತಾರಾ ಸಾರ್? ಗಣಪತಿ ಪೆಂಡಾಲ್‌ಗೆ ತಂದಿದ್ ನೀಲಿ ಪ್ಲಾಸ್ಟಿಕ್ ಆಸು ಇತ್ತಲ್ಲ, ಗೋಡೆಯಿಂದ ಗೋಡೆಗೆ ಆಸಿವ್ನಿ. ಮಣ್ಣು ಒಂಚೂರೂ ಕಾಣಾಕಿಲ್ಲ."

ಎರಡು ತಿಂಗಳ ತಪಸ್ಸು ಒಂದು ನೀಲಿ ಹಾಸಿನ ಕೆಳಗೆ ಹೋಗಿತ್ತು. ಅದನ್ನೆಲ್ಲ ಕಿತ್ತು ಹಾಕಿ, ಬಸ್ಸು ಬರುವುದರೊಳಗೆ ಮನೆಯನ್ನು ಮತ್ತೆ ಬರಿದು ಮಾಡಬೇಕೆಂದು ಮಹದೇವಪ್ರಸಾದ ಎದ್ದು ನಿಂತ. ಹೊಂಗೆಮರವೂ ಅವನೊಂದಿಗೆ ಎದ್ದು, ಅವನಿಗಿಂತ ಮೊದಲು ಮಲಗಿತು.

"ಅಂದಂಗೆ," ಎಂದ ಕಂಠಪ್ಪ ಸುತ್ತ ನೋಡಿ, "ಇದೂ ಒಂದಾಳಿನ ಮುಯ್ಯಿ ಆಯ್ತಲ್ವಾ?"

ಆಯಿತೆಂದು ಗುರುಮಲ್ಲಪ್ಪ ತಲೆಯಾಡಿಸಿದ.

ಮಹದೇವಪ್ರಸಾದ ಮತ್ತೆ ಕಣ್ಣು ಬಿಟ್ಟದ್ದು ಬಸ್ಸಿನ ಹಾರನ್ನಿಗೆ. ಚಪ್ಪರ ಖಾಲಿಯಾಗಿತ್ತು, ಗಂಡಸರು ಬ್ಯಾರನ್ನಿನೊಳಗೆ ಕಡ್ಡಿಗಳನ್ನು ಏರಿಸುತ್ತಿದ್ದರು. ಅವನು ಬದುವಿನ ಮೇಲೆ ಓಡಿದ. ಸೊಪ್ಪಿನ ಅಂಟು ಒಣಗಿ ಅವನ ಎರಡೂ ಕೈಗಳು ಮೊಣಕೈಯವರೆಗೆ ಟಾರು ಹಾಕಿದ ರಸ್ತೆಯಂತೆ ಕಪ್ಪಾಗಿದ್ದವು. ಹಣೆಗೆ ಕೈಯಿಟ್ಟಲ್ಲಿ ಕೂದಲು ಅಂಟಿ ನಿಂತಿತ್ತು. ಬೆನ್ನಿನ ಮೇಲೆ ಒಂದು ಇಡೀ ಎಲೆ. ರಸ್ತೆಗೆ ಬಂದಾಗ ಬಸ್ಸೂ ಇರಲಿಲ್ಲ, ನೀಲಾಂಬಿಕೆಯೂ ಇರಲಿಲ್ಲ. ಬಸ್ಸೆಬ್ಬಿಸಿದ ಧೂಳು ಮಾತ್ರ ಅವನಿಗಾಗಿ ಕಾದು, ಅವನ ಅಂಟು ಮೈಮೇಲೆ ಕುಳಿತುಕೊಂಡಿತು.

ತಲೆಸುತ್ತಿಗೆ ದಾರಿಯಲ್ಲಿ ಎರಡು ಕಡೆ ಕುಳಿತು ಎದ್ದು ಮನೆಯ ಹತ್ತಿರ ಬರುತ್ತಿದ್ದಂತೆ ಮಿಕ್ಸಿಯ ಸದ್ದು ಕೇಳಿಸಿತು. ದಾರಿಯುದ್ದಕ್ಕೂ ಅವನು ಒಂದು ಸಮಜಾಯಿಷಿಯನ್ನು ಜೋಡಿಸಿಕೊಂಡು ಬಂದಿದ್ದ: ಈ ಕೋಣೆಯಲ್ಲಿರುವ ಯಾವುದೂ ನನ್ನದಲ್ಲ, ಇದು ನಾನು ಹೇಳಿದ ಬದುಕಲ್ಲ, ದಯವಿಟ್ಟು ಇದನ್ನು ನೋಡಿ ತೀರ್ಮಾನ ಮಾಡಬೇಡ.

ಒಳಗೆ, ಉರಿಯುವ ಬಲ್ಬಿನ ಕೆಳಗೆ, ತಿರುಗುವ ಫ್ಯಾನಿನ ಎದುರು, ಪ್ಲಾಸ್ಟಿಕ್ ಕುರ್ಚಿಯಲ್ಲಿ ನೀಲಾಂಬಿಕೆ ಕಾಫಿ ಕುಡಿಯುತ್ತ ಕುಳಿತಿದ್ದಳು. ಬಸ್ಸಿನಿಂದ ಅವಳನ್ನು ಇಳಿಸಿಕೊಂಡು ಬಂದಿದ್ದ ಯಶೋದಮ್ಮ ಗ್ಯಾಸ್ ಒಲೆಯ ಮುಂದೆ ನಿಂತು ಚಟ್ನಿ ರುಬ್ಬುತ್ತಿದ್ದಳು.

"ಮೊದಲು ಕೈ ತೊಳ್ಕೊಳ್ಳಿ," ಎಂದಳು ನೀಲಾಂಬಿಕೆ. "ಯಾರು ಬೇಕಾಗಿತ್ತು ಅಂತ ಕೇಳೋದ್ರಲ್ಲಿದ್ದೆ."

"ನೀಲಾ, ಈ ಫ್ಯಾನು ಇದೆಯಲ್ಲ..."

"ಚೆನ್ನಾಗಿ ಗಾಳಿ ಬರ್ತಿದೆ. ನೀವು ಫೋನಲ್ಲಿ ಹೇಳ್ತಿದ್ದದ್ದು ಕೇಳಿ ಗುಹೆ ಅಂದುಕೊಂಡು ಬಂದಿದ್ದೆ ನಾನು. ಅಮ್ಮನ ಮನೇಲಿ ಅತ್ತೂ ಬಂದಿದ್ದೆ. ಇಲ್ಲಿ ನೋಡಿದರೆ ಗ್ಯಾಸಿದೆ, ಮಿಕ್ಸಿ ಇದೆ, ನೆಲಕ್ಕೆ ಒರೆಸಿದರೆ ಹೋಗೋ ಹಾಸಿದೆ. ಯಾಕೆ ಬೇಕಿತ್ತು ಸುಮ್ಮನೆ ಹೆದರಿಸೋದು?"

"ಅದಲ್ಲ ನೀಲಾ..."

"ಮಾತಾಡೋಕೆ ಜನ ಇದ್ದಾರೆ. ನಮ್ಮ ಬೀದೀಲಿ ಎದುರು ಮನೆಯವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಇಲ್ಲಿ ಬಸ್ ಇಳಿದು ಮನೆ ಸೇರೋದ್ರೊಳಗೆ ಯಶೋದಮ್ಮನವರ ನಾದಿನಿಯ ಆಪರೇಷನ್ ತನಕ ತಿಳೀತು. ರವಿಕೆ ಹೊಲಿಸೋಕೆ ಇವರೆಲ್ಲ ರಾವಂದೂರಿಗೆ ಹೋಗಬೇಕಂತೆ."

"ಅವನು ತೋಳು ಬಿಗಿ ಮಾಡಾಕ್ತಾನೆ ಕಣವ್ವ," ಎಂದಳು ಯಶೋದಮ್ಮ. "ಕೈ ಎತ್ತಿದ್ರೆ ಇಳ್ಸಾಕಾಗಾಕಿಲ್ಲ."

ಮಹದೇವಪ್ರಸಾದ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಕೈ ಅಲ್ಲೇ ಅಂಟಿಕೊಂಡಿತು. "ಅಂದರೆ?"

"ಅಂದರೆ ಇರ್ತೀನಿ."

ತತ್ತ್ವ ಮತ್ತು ಹೆಂಡತಿ ಒಂದೇ ಬಾಗಿಲಿನಲ್ಲಿ ಎದುರಾದಾಗ ಯಾರು ಯಾರಿಗೆ ದಾರಿ ಬಿಡಬೇಕೆಂಬುದನ್ನು ನಿರ್ಧರಿಸಲು ಅವನಿಗೆ ಹೆಚ್ಚು ಸಮಯ ಹಿಡಿಯಲಿಲ್ಲ. ಸಮಜಾಯಿಷಿಯನ್ನು ನುಂಗಿಕೊಂಡ. ಫ್ಯಾನು, ಮಿಕ್ಸಿ, ಹಾಸು, ಇವನ್ನು ತಿಂಗಳಿಗೊಂದರಂತೆ ನಿಧಾನವಾಗಿ ಮನೆಯಿಂದ ಹೊರಹಾಕಬಹುದು. ಮುಖ್ಯವಾದದ್ದು ಗೆದ್ದಾಗಿತ್ತು. ಸೋಮವಾರ ಬಿಸ್ಕತ್ತಿಲ್ಲ. ಬಾವಿಯ ಬಳಿ ಹೋಗಿ, ಹುಣಸೆಹುಳಿಯಲ್ಲಿ ಕೈ ಉಜ್ಜುತ್ತ, ಅವನು ಆ ದಿನ ಮೊದಲ ಬಾರಿಗೆ ಶಿಳ್ಳೆ ಹಾಕಿದ.

ಶಿಳ್ಳೆ ಮುಗಿಯುವುದರೊಳಗೆ ಗುರುಮಲ್ಲಪ್ಪ, ಸಿದ್ದರಾಜು, ಕಂಠಪ್ಪ ಮೂವರೂ ಬಂದರು. ಬ್ಯಾರನ್ ತುಂಬಿತ್ತು, ಬೆಂಕಿಯೂ ಹೊತ್ತಿಸಿ ಬಂದಿದ್ದರು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತು ಕಾಫಿ ಹಿಡಿದ ಮೇಲೆ ಗುರುಮಲ್ಲಪ್ಪ ಗಂಟಲು ಸರಿಮಾಡಿಕೊಂಡ.

"ದಾರಿ ಸಿಕ್ತು ಸಾರ್. ನಿಮ್ಮನ್ನ ಒಲಕ್ಕೆ ಕರ್ದಿದ್ದು ನಮ್ಮದೇ ತಪ್ಪು. ನಿಮ್ಮ ಒಲ ಬ್ಯಾರೆ ಅದೆ."

"ಯಾವುದು?"

"ಮೈಸೂರು."

ಮಹದೇವಪ್ರಸಾದನಿಗೆ ಮತ್ತೆ ಸೊಪ್ಪು ಏರಿದಂತಾಯಿತು.

"ನೋಡಿ, ನಮ್ಮ ಕಂಠಪ್ಪನ ಕಣ್ ಪೊರೆ ತೆಗ್ಸಬೇಕು. ದೊಡ್ಡಾಸ್ಪತ್ರೇಲಿ ಬೆಳಗಿನ್ ಜಾವ ಸಾಲ್ನಾಗೆ ನಿಂತು ಚೀಟಿ ಇಸ್ಕಬೇಕಂತೆ. ಇವನು ಓದ ಸಲ ಓಗಿ ಕಾಣ್ದೆ ಕಿವಿ ಸಾಲ್ನಾಗೆ ನಿಂತ್ಕಂಡು ಬಂದ."

"ಕಿವಿ ಚೆನ್ನಾಗದೆ ಅಂದ್ರು," ಎಂದ ಕಂಠಪ್ಪ.

"ಯಶೋದಕ್ಕನ ಮಗಳು ಶಶಿ ಅಂಕಪಟ್ಟೀಲಿ ಅಪ್ಪನ ಎಸ್ರು ತಪ್ಪಾಗದೆ. ಮೂರು ಸಲ ಓಗವ್ರೆ. ಈ ಕಿಟಕಿ ಅಲ್ಲ ಆ ಕಿಟಕಿ, ಇವತ್ತಲ್ಲ ನಾಳೆ ಅಂತ ಅಟ್ಟವ್ರೆ. ಸಿದ್ರಾಜನ ಪಂಪಿನ ಮೋಟ್ರು ಅಂಗ್ಡೀಲಿ ಬಿದ್ದದೆ. ಒಂದೊಂದ್ಸಲ ಓದ್ರೂ ನಮ್ಮದು ಒಂದಾಳಿನ ಕೆಲ್ಸ ಕೆಡ್ತದೆ. ನೀವು ಓಗಿ ನಿಂತ್ರೆ ನಮ್ಮದು ಒಂದಾಳು ಉಳೀತದೆ. ಒಂದಾಳಿಗೆ ಒಂದಾಳು. ಮುಯ್ಯಿ ಸರಿಯಾಯ್ತದೆ."

"ನಾನು ಮೈಸೂರು ಬಿಟ್ಟು ಬಂದದ್ದೇ ಆ ಸಾಲುಗಳಲ್ಲಿ ನಿಲ್ಲೋದು ಬೇಡ ಅಂತ."

"ಅದುಕ್ಕೇ ಏಳಿದ್ದು," ಎಂದ ಸಿದ್ದರಾಜು ಗೌರವದಿಂದ. "ನಿಮಗೆ ಅನುಭವ ಅದೆ. ಸೊಪ್ಪ ಇಡ್ದು ನೋಡ್ದಂಗೆ ಒಂದೊಂದ್ ಅಕ್ಸರಾನೂ ಇಡ್ದು ನೋಡ್ತೀರಿ. ಅಂಥವ್ರೇ ಬೇಕು ಆಪೀಸಿಗೆ."

ಮಹದೇವಪ್ರಸಾದ ಕೇಳಿದ: "ಎಷ್ಟು ದಿನ ಹೋದರೆ ಮುಗಿಯುತ್ತೆ?"

ಗುರುಮಲ್ಲಪ್ಪ ಬೆರಳು ಮಡಚಿ, ಮತ್ತೆ ಬಿಚ್ಚಿದ. "ನೀವು ಅಲ್ಲಿದ್ರೆ ಇಲ್ಲಿ ನಿಮ್ಮ ರಾಗಿ ಒಲದ ಕಳೆ ಯಾರು ಕೀಳ್ತಾರೆ? ನಾವೇ ಬರ್ಬೇಕು. ಅದೂ ಮುಯ್ಯಿಗೆ ಸೇರ್ತದೆ. ಅದುನ್ ತೀರ್ಸಾಕೆ ತಿರ್ಗಾ ಒಂದ್ಸಲ ಓಗ್ಬೇಕಾಯ್ತದೆ."

ಮಹದೇವಪ್ರಸಾದ ಅದನ್ನು ಪರಿಶೀಲಿಸಿದ. ಮೈಸೂರಿನಲ್ಲಿ ಕಳೆದ ಪ್ರತಿಯೊಂದು ದಿನವೂ ಒಂದು ಮುಯ್ಯಿಯನ್ನು ತೀರಿಸಿ, ಅದೇ ಕ್ಷಣದಲ್ಲಿ ಇನ್ನೊಂದನ್ನು ಹುಟ್ಟಿಸುತ್ತಿತ್ತು. ಹೊರಗಿನಿಂದ ಏನೂ ಬೇಕಿಲ್ಲ. ಒಳಗಿನದು ಏನೂ ನಷ್ಟವಾಗುವುದಿಲ್ಲ. ತಾನೇ ತಾನಾಗಿ, ಎಂದೆಂದಿಗೂ ನಡೆಯುತ್ತದೆ. ಸುಸ್ಥಿರ ವ್ಯವಸ್ಥೆಯೆಂಬುದರ ಬಗ್ಗೆ ಅವನು ಬಹಳಷ್ಟು ಓದಿದ್ದ. ಕಣ್ಣಾರೆ ಕಂಡದ್ದು ಇದೇ ಮೊದಲು.

ಅವನು ಕೊನೆಯ ಆಸರೆಯೆಂದು ಹೆಂಡತಿಯ ಕಡೆ ತಿರುಗಿದ. "ನೀಲಾ, ನೀನೇ ಹೇಳು. ನಿನ್ನೊಬ್ಬಳನ್ನ ಇಲ್ಲಿ ಬಿಟ್ಟು ನಾನು ಹೇಗೆ..."

ನೀಲಾಂಬಿಕೆ ಕಾಫಿ ಲೋಟವನ್ನು ಕೆಳಗಿಟ್ಟು ಯೋಚಿಸಿದಳು. ಅವಳ ಮುಖದಲ್ಲಿ ನಿಜವಾದ ಕಳವಳವಿತ್ತು.

"ದಿನಾ ಹೋಗಿ ಬಂದು ಮಾಡಿದರೆ ನಿಮಗೆ ಆಯಾಸ ಆಗುತ್ತೆ," ಎಂದಳು. "ಅದೂ ಬೆಳಗಿನ ಜಾವದ ಸಾಲು ಅಂದರೆ ಹಿಂದಿನ ದಿನವೇ ಅಲ್ಲಿರಬೇಕು. ಬಾಡಿಗೆ ಮನೆ ಹೇಗೂ ಇನ್ನೂ ಬಿಟ್ಟಿಲ್ಲ. ಅಲ್ಲೇ ಇದ್ದುಬಿಡಿ, ಬಿಡುವಾದಾಗ ಬನ್ನಿ. ನನ್ನ ಮಿಷನ್ನು ಮಾತ್ರ ಮೊದಲು ಬಸ್ಸಿಗೆ ಹಾಕಿಸಿ. ಇಲ್ಲಿ ಹೊಲಿದಿದ್ದನ್ನ ಅಲ್ಲಿನ ಗಿರಾಕಿಗಳಿಗೆ ನೀವೇ ತಲುಪಿಸಿದರೆ ಆಯ್ತು."

"ಚಿನ್ನದಂಥ ಮಾತು ಕಣವ್ವ," ಎಂದ ಗುರುಮಲ್ಲಪ್ಪ.

ನೀಲಾಂಬಿಕೆ ಕೈಚೀಲದಿಂದ ಮೈಸೂರಿನ ಮನೆಯ ಬೀಗದ ಕೈ ತೆಗೆದು ಗಂಡನ ಅಂಗೈಯಲ್ಲಿಟ್ಟಳು. ಅಂಟು ಇನ್ನೂ ಪೂರ್ತಿ ಹೋಗಿರದ ಕಾರಣ ಅದು ಅಲ್ಲೇ ಕಚ್ಚಿಕೊಂಡಿತು. ಬೆಳಗಿನ ಮೊದಲ ಬಸ್ಸು ಎಷ್ಟು ಹೊತ್ತಿಗೆಂದು ಸಿದ್ದರಾಜು ತಿಳಿಸಿದ. ಯಶೋದಮ್ಮ ಶಶಿಯ ಅಂಕಪಟ್ಟಿ ತರಲು ಮನೆಗೆ ಹೋದಳು.

ಆ ಶನಿವಾರ ಸಂಜೆಯ ಹೊತ್ತಿಗೆ ಖಚಿತವಾದದ್ದು ಇಷ್ಟು: ನಗರವಾಸವನ್ನು ತೊರೆಯುವ ಯೋಜನೆ ಸಂಪೂರ್ಣವಾಗಿ ಯಶಸ್ವಿಯಾಗಿತ್ತು, ತೊರೆದವಳು ನೀಲಾಂಬಿಕೆ.